ತಿಗರಿ ಮುಟ್ಟದವರು

ಮಳೆ ನಿಂತು ಗಾಳಿ ದಿಕ್ಕು ಬದಲಿಸಿದ ಮೇಲೆ, ಬಿಸಿಲಿಗೆ ಇನ್ನೂ ಹಲ್ಲು ಮೂಡದಿರುವ ಕೆಲವೇ ವಾರಗಳಲ್ಲಿ, ಕಾಳು ತುಂಬಿಡುವ ಮಣ್ಣಿನ ಗುಡಾಣ ಎಬ್ಬಿಸಬೇಕು. ಮುಂಚೆ ಎಬ್ಬಿಸಿದರೆ ಥಂಡಿಗೆ ಸೊಂಟ ಕುಸಿಯುತ್ತದೆ, ತಡ ಮಾಡಿದರೆ ಬಿಸಿಲಿಗೆ ಬಾಯಿ ಬಿಡುತ್ತದೆ. ಹಾಗಾಗಿ ಆ ದಿನಗಳಲ್ಲಿ ಕುಂಬಾರಬೀದಿಯಲ್ಲಿ ಯಾರಿಗೂ ತಲೆ ಕೆರೆದುಕೊಳ್ಳಲು ಪುರುಸೊತ್ತಿರುತ್ತಿರಲಿಲ್ಲ. ಹೆಂಗಸರು ಅಂಗಳದಲ್ಲಿ, ಗಂಡಸರು ಹಿತ್ತಲಲ್ಲಿ.

ಅಂಗಳದ ನಡುವೆ ಬೂದಿ ಹಾಸಿ, ಅದರ ಮೇಲೆ ಗುಡಾಣದ ತಳ ಕೂರಿಸುತ್ತಿದ್ದರು. ಆಮೇಲೆ ಅದು ಅಲುಗುವಂತಿಲ್ಲ. ಸುತ್ತಬೇಕಾದವಳು ಹೆಂಗಸು. ಎಡಹೆಗಲ ಮೇಲೆ ಹಾವಿನಂತೆ ಹೊಸೆದ ಮಣ್ಣಿನ ಸುರುಳಿ ಹೊತ್ತು, ಬಲಗೈಯಿಂದ ಅದನ್ನು ಅಂಚಿಗೆ ಒತ್ತುತ್ತ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತ ಅವಳು ಸುತ್ತುತ್ತಿದ್ದಳು. ಬೆನ್ನಿಗೆ ಕಣ್ಣಿಲ್ಲದಿದ್ದರೂ ಕಾಲಿಗೆ ದಾರಿ ಗೊತ್ತಿತ್ತು. ಅವಳ ಅಮ್ಮ, ಅಮ್ಮನ ಅಮ್ಮ ಸುತ್ತಿ ಸುತ್ತಿ ಆ ನೆಲ ಬಳೆಯಾಕಾರದಲ್ಲಿ ತಗ್ಗಾಗಿತ್ತು. ಸಂಜೆಯ ಹೊತ್ತಿಗೆ ಗುಡಾಣ ಅವಳ ಎದೆಮಟ್ಟ ಏಳುತ್ತಿತ್ತು. ಒಂದು ಮನೆಯವರು ಒಂದು ವರ್ಷ ಉಣ್ಣುವ ಕಾಳು ಅದರ ಹೊಟ್ಟೆಯಲ್ಲಿ ಹಿಡಿಸುತ್ತಿತ್ತು.

ಗಂಡಸರ ಪಾಲಿಗೆ ಕೆರೆಯಿಂದ ಮಣ್ಣು ತರುವುದು, ತುಳಿಯುವುದು, ಸೌದೆ ಸೀಳುವುದು, ಮಡಕೆ ಸುಡುವ ಆವಿಗೆಗೆ ಬೆಂಕಿಯಿಡುವುದು. ಕಾಲಿನ ಕೆಲಸ ಗಂಡಿನದು, ಕೈಯ ಕೆಲಸ ಹೆಣ್ಣಿನದು. ಕೈ ಯಾರದೋ ಮಾತೂ ಅವರದೇ. ಗುಡಾಣಕ್ಕೆ ಬೆಲೆ ಹೇಳುವವಳು ಹೆಂಗಸು, ಬಂದದ್ದನ್ನು ಮಡಿಲಿಗೆ ಕಟ್ಟುವವಳೂ ಅವಳೇ. ಮನೆ, ಅಂಗಳ, ಆವಿಗೆ ಎಲ್ಲ ತಾಯಿಯಿಂದ ಮಗಳಿಗೆ. ಗಂಡಸರು ಮದುವೆಯಾಗಿ ಆ ಮನೆಗಳಿಗೆ ಬರುತ್ತಿದ್ದರು, ಉಣ್ಣುತ್ತಿದ್ದರು, ತುಳಿಯುತ್ತಿದ್ದರು.

ಹಾಗೆ ಬಂದವರಲ್ಲಿ ಒಬ್ಬ ಹೂಂಗಪ್ಪ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಯಾರು ಏನಂದರೂ ‘ಹೂಂ’ ಅನ್ನುವ ಅವನ ಅಭ್ಯಾಸ ನೋಡಿ ಅತ್ತೆಯೇ ಈ ಹೆಸರಿಟ್ಟಿದ್ದಳು. “ನನ್ನ ಅಳಿಯನಿಗೆ ಸೂರ್ಯ ಇವತ್ತು ಪಡುವಣದಲ್ಲಿ ಹುಟ್ಟಿದ ಅಂದ್ರೂ ಹೂಂ, ಬಾವಿಯಲ್ಲಿ ಹುಟ್ಟಿದ ಅಂದ್ರೂ ಹೂಂ. ಇವನ ಜೊತೆ ನೆಟ್ಟಗೆ ಒಂದು ಜಗಳ ಆಡೋಕೂ ಆಗಲ್ಲವಲ್ಲೇ!” ಎಂದು ಅವಳು ಬೀದಿಗೆಲ್ಲ ಕೇಳುವಂತೆ ನಗುತ್ತಿದ್ದಳು. ಹೂಂಗಪ್ಪನೂ ನಗುತ್ತಿದ್ದ. ಮಣ್ಣು ತುಳಿಯುತ್ತ ನಗುವುದು ಸುಲಭ. ಯಾರೂ ಮುಖ ನೋಡುವುದಿಲ್ಲ.

ಆ ವರ್ಷ ಗುಡಾಣದ ಕಾಲದಲ್ಲೇ ಬೀದಿಯ ತುದಿಯಲ್ಲಿ ಒಂದು ಉದ್ದನೆಯ ಕೊಟ್ಟಿಗೆ ಎದ್ದಿತು. ನಾಡನ್ನು ಗೆದ್ದು ಆಳುತ್ತಿದ್ದ ದೊರೆಗಳಿಗೆ ತಮ್ಮ ದಂಡಿನ ಮನೆಗಳಿಗಾಗಿ ನೀರಿನ ಕೊಳವೆ ಬೇಕಿತ್ತು, ಹೂವಿನ ಕುಂಡ ಬೇಕಿತ್ತು, ಎಲ್ಲ ಒಂದೇ ಅಳತೆಯದು. ಒಂದು ಬೆಳಿಗ್ಗೆ ಗಾಡಿಗಳಲ್ಲಿ ತಿಗರಿಗಳು ಬಂದಿಳಿದವು. ಕೂತವರು ಕಾಲಿನಿಂದ ಒದ್ದು ತಿರುಗಿಸುವ, ಮೇಲೆ ಹಲಗೆಯಿದ್ದ ಭಾರದ ಚಕ್ರಗಳು. ಅಂಥದ್ದನ್ನು ಆ ಬೀದಿಯ ಯಾರೂ ಅದುವರೆಗೆ ಕಂಡಿರಲಿಲ್ಲ. “ಮಡಕೆ ಮಾಡುವವರೆಲ್ಲ ಬರಬೇಕು” ಎಂದು ಡಂಗುರವಾಯಿತು. ಮಡಕೆ ಮಾಡುವವರು ಕೈ ತೊಳೆದುಕೊಂಡು ಹೋದರು. ಮುಂದೆ ಹೂಂಗಪ್ಪನ ಅತ್ತೆ, ಹಿಂದೆ ಅವನ ಹೆಂಡತಿ, ಅವರ ಹಿಂದೆ ಬೀದಿಯ ಹೆಂಗಸರೆಲ್ಲ. ತೋರಿಸಲೆಂದು ಹದ ಮಾಡಿದ ಮಣ್ಣಿನ ಬುಟ್ಟಿ ಹೊತ್ತು ಹೂಂಗಪ್ಪನೊಬ್ಬ ಕೊನೆಯಲ್ಲಿ.

ದೊರೆ ಕುರ್ಚಿಯಲ್ಲಿ ಕೂತಿದ್ದ. ಮೊಣಕಾಲಿನವರೆಗೆ ಬಟ್ಟೆ ಎತ್ತಿ ಕಟ್ಟಿದ್ದ ಹೆಂಗಸರನ್ನು ಕಂಡು ಅವನ ಕೆಂಪು ಮುಖ ಇನ್ನಷ್ಟು ಕೆಂಪಾಯಿತು. ಪಕ್ಕದಲ್ಲಿದ್ದ ದುಭಾಷಿ, ಎರಡು ಭಾಷೆ ಬಲ್ಲವನೆಂದು ಎರಡು ಆಳಿನ ಜಂಬ ಇದ್ದವನು, ಗಂಟಲು ಸರಿಮಾಡಿಕೊಂಡ.

“ಮಡಕೆ ಮಾಡೋರನ್ನ ಕರೆದ್ರೆ ಅವರ ಹೆಂಡತೀರು ಯಾಕೆ ಬಂದ್ರು ಅಂತ ದೊರೆಗಳು ಕೇಳ್ತಿದ್ದಾರೆ.”

“ಮಡಕೆ ಮಾಡೋರೇ ಬಂದಿರೋದು. ಅವರ ಗಂಡಂದಿರು ಹಿತ್ತಲಲ್ಲಿ ಮಣ್ಣು ತುಳೀತಿದ್ದಾರೆ. ಕಾಲು ತೊಳೆಸಿ ಕಳಿಸಬೇಕಾ?” ಎಂದಳು ಅತ್ತೆ.

ಹೆಂಗಸರು ಗೊಳ್ಳೆಂದರು. ದುಭಾಷಿ ಆ ನಗುವನ್ನು ದೊರೆಯ ಭಾಷೆಗೆ ತಿರುಗಿಸಲಿಲ್ಲ. ಇಬ್ಬರೂ ತಮ್ಮೊಳಗೇ ಏನೋ ಮಾತಾಡಿಕೊಳ್ಳತೊಡಗಿದರು. ಅತ್ತೆ ಸ್ವಲ್ಪ ಹೊತ್ತು ಕಾದಳು, ಬಿಸಿಲು ನೋಡಿದಳು. ಅಂಗಳದಲ್ಲಿ ಅರ್ಧ ಎದ್ದ ಗುಡಾಣಗಳ ಅಂಚು ಒಣಗುತ್ತಿತ್ತು. “ಏನು ಬೇಕು ಅಂತ ತಿಳಿದ ಮೇಲೆ ಹೇಳಿಕಳಿಸಿ” ಎಂದು ತಿರುಗಿದಳು. ಹೆಂಗಸರು ಅವಳ ಹಿಂದೆ ನಡೆದರು. ಬುಟ್ಟಿ ಇಳಿಸಲೋ ಬೇಡವೋ ಎಂದು ಹೂಂಗಪ್ಪ ಅಲ್ಲೇ ಉಳಿದ.

ದೊರೆಗೆ ಆಗ ಅವನು ಕಂಡ. ಅಷ್ಟು ಹೊತ್ತು ಆ ಹೆಂಗಸರ ತಲೆಗಳ ಮೇಲಿಂದ ಏನನ್ನೋ ಹುಡುಕುತ್ತಿದ್ದ ಕಣ್ಣು ಈಗ ಬಂದು ಒಂದು ಕಡೆ ನಿಂತಿತು. ಅವನು ಮುಂದಕ್ಕೆ ಬಾಗಿ ಮೃದುವಾಗಿ ಏನೋ ಕೇಳಿದ.

“ಹೆಂಗಸರು ತಿಗರಿ ಮುಟ್ಟಬಾರದು ಅಂತ ನಿಮ್ಮ ಕಸುಬಿನವರಲ್ಲಿ ಹಿಂದಿನಿಂದ ಒಂದು ಕಟ್ಟು ಇದೆಯಂತೆ. ಬೇರೆ ಸೀಮೆಗಳಲ್ಲಿ ದೊರೆಗಳು ಕೇಳಿ ತಿಳ್ಕೊಂಡಿದ್ದಾರೆ. ಕಟ್ಟು ಮುರಿಯೋಕೆ ಅವರಿಗೆ ಇಷ್ಟ ಇಲ್ಲ. ನಿಮ್ಮಲ್ಲೂ ಹಾಗೇ ಅಲ್ವಾ?” ಎಂದ ದುಭಾಷಿ.

ತಿಗರಿ ಊರಿಗೆ ಬಂದು ಇನ್ನೂ ಅರ್ಧ ದಿನ ಆಗಿರಲಿಲ್ಲ. ಅದಕ್ಕೆ ಹಿಂದಿನಿಂದ ಬಂದ ಕಟ್ಟು ಎಲ್ಲಿಯದು? ಹೂಂಗಪ್ಪನಿಗೆ ಇದು ತಿಳಿಯದ್ದೇನಲ್ಲ. ಆದರೆ ಬುಟ್ಟಿಯ ಕೆಳಗಿಂದ ಅವನು ತಿಗರಿಗಳತ್ತ ನೋಡಿದ. ಕೂತು ಮಾಡುವ ಕೆಲಸ. ಕಾಲೂ ಬೇಕು, ಕೈಯೂ ಬೇಕು. ಮದುವೆಯಾಗಿ ಬಂದಾಗಿನಿಂದ ಅವನು ತುಳಿದ ಮಣ್ಣೆಲ್ಲ ಇನ್ನೊಬ್ಬರ ಕೈಯಲ್ಲಿ ಆಕಾರ ಪಡೆದಿತ್ತು. ಅವನ ಕೈ ಒಂದು ಹಣತೆಯನ್ನೂ ಮಾಡಿರಲಿಲ್ಲ.

“ಹೂಂ” ಎಂದ.

ಆ ಮಾತು ಅಭ್ಯಾಸದಿಂದ ಬಂತೆಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ. ಆದರೆ ಅಭ್ಯಾಸದ ಹೂಂ ಬಾಯಿಂದ ತಾನಾಗಿ ಉದುರುತ್ತದೆ. ಇದು ಹಾಗೆ ಉದುರಿರಲಿಲ್ಲ. ಒಂದು ಕ್ಷಣ ತಡೆದು, ತಿಗರಿಯನ್ನು ನೋಡಿಕೊಂಡು ಹೊರಟಿತ್ತು. ಆ ಒಂದು ಕ್ಷಣದ ಲೆಕ್ಕ ಅವನಿಗೊಬ್ಬನಿಗೇ ಗೊತ್ತಿತ್ತು.

ಮನೆಯಲ್ಲಿ “ಗಂಡಸರೇ ಬೇಕಂತೆ” ಎಂದಷ್ಟೇ ಹೇಳಿದ.

ಹೆಂಡತಿ ಗುಡಾಣ ಸುತ್ತುತ್ತಲೇ ನಕ್ಕಳು. ಪಕ್ಕದಲ್ಲಿ ಅಂಬೆಗಾಲಿಡುವ ಮಗಳು ಮಣ್ಣಿನ ಉಂಡೆ ಕಚ್ಚುತ್ತಿದ್ದಳು. “ಒಳ್ಳೇದೇ ಆಯ್ತಲ್ಲ ಮಾರಾಯ. ನೀನು ಹೋಗು. ನೆರಳಲ್ಲಿ ಕೂತು ಮಾಡೋ ಕೆಲಸ. ಚಕ್ರ ಸುತ್ತುತ್ತೆ, ಆಳು ಕೂತಿರುತ್ತೆ! ಸೋಮಾರಿಗಳಿಗೆ ಅಂತಲೇ ಯಾರೋ ಕಂಡುಹಿಡಿದಿದ್ದಾರೆ.”

“ಅಲ್ಲಿ ನಿದ್ದೆ ಮಾಡಿ ಚಕ್ರದ ಜೊತೆ ಸುತ್ತಿಬಿಟ್ಟೀಯ, ಹುಷಾರು” ಎಂದಳು ಅತ್ತೆ.

ಅದು ಹಾಗೆ ನಗುನಗುತ್ತಲೇ ಶುರುವಾಯಿತು.

ಹೂಂಗಪ್ಪ ತಿಗರಿ ಕಲಿತ. ಮೊದಲ ಕೆಲವು ವಾರ ಮಣ್ಣು ಅವನ ಕೈ ಕೊಡವಿ ಗೋಡೆಗೆ ಹಾರುತ್ತಿತ್ತು. ಒಂದು ದಿನ ಹಾರಲಿಲ್ಲ. ಅಂಗೈಗಳ ನಡುವೆ ನಿಂತು, ನಡುಗಿ, ಸುಮ್ಮನಾಗಿ, ಬೆರಳು ಒತ್ತಿದಲ್ಲಿ ಬಾಯಿ ತೆರೆದು ಮೇಲೆದ್ದಿತು. ಹೂಂಗಪ್ಪನ ಕಣ್ಣು ಹನಿಗೂಡಿತು. ಜನ್ಮದಲ್ಲಿ ಮೊದಲ ಸಲ ಒಂದು ವಸ್ತು ಅವನ ಮಾತಿಗೆ ಹೂಂ ಅಂದಿತ್ತು. ಆ ಸಂತೋಷ ಸುಳ್ಳಾಗಿರಲಿಲ್ಲ. ಅದೇ ಅವನನ್ನು ಹೆಚ್ಚು ಚುಚ್ಚುತ್ತಿದ್ದುದು.

ವರ್ಷಗಳು ಉರುಳಿದಂತೆ ಬೀದಿ ಮಗುಚಿಕೊಂಡಿತು. ದೊರೆಗಳು ಕಂದಾಯ ಏರಿಸಿದರು. ರೈತರ ಕಾಳು ಕಣದಿಂದಲೇ ಗಾಡಿಯೇರಿ ಹೋಗತೊಡಗಿತು. ಮನೆಯಲ್ಲಿ ತುಂಬಿಡಲು ಕಾಳಿದ್ದರಲ್ಲವೇ ಗುಡಾಣ? ಒಂದು ಋತುವಿನಲ್ಲಿ ಅತ್ತೆ ಎಬ್ಬಿಸಿದ ಗುಡಾಣಗಳನ್ನು ಕೇಳುವವರೇ ಇಲ್ಲದೆ ಕೋಳಿಗಳು ಅವುಗಳಲ್ಲಿ ಮೊಟ್ಟೆಯಿಟ್ಟವು. “ಹೊಟ್ಟೆ ತುಂಬಿಸೋಕೆ ಮಾಡಿದ್ದು, ಕೋಳಿಯಾದ್ರೂ ತುಂಬಿಸ್ತಿದೆಯಲ್ಲ” ಎಂದಳು. ಅದೇ ಅವಳ ಕೊನೆಯ ತಮಾಷೆ. ಮುಂದಿನ ಮಳೆಗಾಲ ಅವಳು ಕಾಣಲಿಲ್ಲ.

ಕೈಗೆ ಕೆಲಸವಿಲ್ಲದ ಹೆಂಗಸರು ಒಬ್ಬೊಬ್ಬರಾಗಿ ಕೊಟ್ಟಿಗೆಗೆ ಬಂದರು. ಅವರಿಗೆ ಸಿಕ್ಕಿದ್ದು ಮಣ್ಣು ಹೊರುವುದು, ತುಳಿಯುವುದು. ದುಭಾಷಿ ಈಗ ಕೊಟ್ಟಿಗೆಯ ಮೇಲ್ವಿಚಾರಕನಾಗಿದ್ದ. ನೆಲದ ಮೇಲೆ ಸುಣ್ಣದಲ್ಲಿ ಒಂದು ಗೀಟು ಎಳೆಸಿದ. ಗೀಟಿನ ಆಚೆ ತಿಗರಿ, ಗಂಡಸರು. ಈಚೆ ಹೆಂಗಸರು. “ನಿಮ್ಮದೇ ಕಟ್ಟು, ನಾವು ನಡೆಸ್ಕೊಡ್ತಿದ್ದೀವಿ” ಎನ್ನುತ್ತಿದ್ದ. ಹೂಂಗಪ್ಪನ ಹೆಂಡತಿ, ಎದೆಮಟ್ಟದ ಗುಡಾಣವನ್ನು ಒಂದು ಸೀಳಿಲ್ಲದೆ ಎಬ್ಬಿಸುತ್ತಿದ್ದವಳು, ಗೀಟಿನ ಹತ್ತಿರ ಬಂದು ಮಣ್ಣಿನ ಉಂಡೆ ಇಟ್ಟು ಹೋಗುತ್ತಿದ್ದಳು. ಹೂಂಗಪ್ಪ ಕೂತಲ್ಲಿಂದ ಕೈ ಚಾಚಿ ತೆಗೆದುಕೊಳ್ಳುತ್ತಿದ್ದ. ಅವಳ ಪಾದ ಅವನ ಕಣ್ಣಿಗೆ ಬೀಳುತ್ತಿತ್ತು, ಹಿಮ್ಮಡಿಯ ಬಿರುಕಿನಲ್ಲಿ ಕೆಸರು ತುಂಬಿದ ಪಾದ. ಹಿಂದೆ ತನ್ನವು ಹಾಗಿದ್ದವು.

ಕೂಲಿ ಗಂಡಸರ ಕೈಗೇ ಬರುತ್ತಿತ್ತು, ಹೆಂಡತಿಯದ್ದೂ ಸೇರಿ. ಮೊದಲೆಲ್ಲ ಅವನು ಹಾಗೇ ತಂದು ಅವಳ ಮಡಿಲಿಗೆ ಸುರಿಯುತ್ತಿದ್ದ. ನಿಧಾನಕ್ಕೆ, ಯಾವಾಗ ಎಂದು ಅವನಿಗೂ ತಿಳಿಯದಂತೆ, ಅದು ಅವನ ಸೊಂಟದಲ್ಲೇ ಉಳಿಯತೊಡಗಿತು. ಒಂದು ಸಂಜೆ ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತು, “ಎಣ್ಣೆ ಮುಗಿದಿದೆ. ಸ್ವಲ್ಪ ಕೊಡ್ತೀರಾ?” ಎಂದಳು.

ಕೇಳಿದ್ದಕ್ಕಿಂತ ಕೇಳಿದ ರೀತಿ ಅವನನ್ನು ತಡೆದು ನಿಲ್ಲಿಸಿತು. ಕೊಡ್ತೀರಾ! ಮದುವೆಯ ದಿನದಿಂದ ಅವಳು ಅವನನ್ನು ‘ನೀನು’ ಎಂದೇ ಕರೆದವಳು. ಸಿಟ್ಟು ಬಂದಾಗ ‘ಲೋ’ ಎಂದೂ. ಕೊಟ್ಟಿಗೆಯಲ್ಲಿ ಹೆಂಗಸರೆಲ್ಲ ತಿಗರಿಯವರನ್ನು ಬಹುವಚನದಲ್ಲಿ ಮಾತಾಡಿಸಬೇಕೆಂದು ದುಭಾಷಿ ಕಲಿಸಿದ್ದ. ಅದು ಅವಳ ನಾಲಿಗೆಗೆ ಅಂಟಿಕೊಂಡು ಮನೆಗೂ ಬಂದಿತ್ತು. ‘ಹಾಗೆ ಕರೀಬೇಡ’ ಎನ್ನಬೇಕೆಂದುಕೊಂಡ. ನಾಣ್ಯ ತೆಗೆದುಕೊಟ್ಟ. ಅವಳು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಮಗಳು ಬೆಳೆದಳು. ಗುಡಾಣ ಎಬ್ಬಿಸುವುದನ್ನು ಅವಳು ಕಂಡದ್ದೇ ಕಡಿಮೆ. ಅವಳಿಗೆ ಕುಂಬಾರಿಕೆಯೆಂದರೆ ಸುಣ್ಣದ ಗೀಟು, ಆಚೆ ಸುತ್ತುವ ಚಕ್ರಗಳು, ಈಚೆ ಮಣ್ಣು ಹೊರುವ ಅಮ್ಮ. ತಾನೂ ಹೊರತೊಡಗಿದಳು. ಉಂಡೆ ಇಟ್ಟು ಹೋಗುವಾಗ ಅವಳು ಒಂದು ಗಳಿಗೆ ನಿಂತು ತಿಗರಿಯ ಮೇಲೆ ಕುಂಡ ಏಳುವುದನ್ನು ನೋಡುತ್ತಿದ್ದಳು, ಹಸಿದವರು ಬೇರೆಯವರ ಎಲೆ ನೋಡುವಂತೆ. ಹೂಂಗಪ್ಪ ತಲೆ ತಗ್ಗಿಸಿಕೊಳ್ಳುತ್ತಿದ್ದ.

ಒಂದು ಮಧ್ಯಾಹ್ನ ಗಂಡಸರೆಲ್ಲ ಉಂಡು ಹೊರಗೆ ಮರದಡಿ ಮಲಗಿದ್ದರು. ಬಿಟ್ಟುಬಂದ ತಂಬಾಕಿನ ಚೀಲಕ್ಕಾಗಿ ಹೂಂಗಪ್ಪ ಒಳಗೆ ಹೋದ. ಅವನ ತಿಗರಿ ಸುತ್ತುತ್ತಿತ್ತು. ಮಗಳು ಅದರ ಮುಂದೆ ಕೂತಿದ್ದಳು. ಅವಳ ಬೆರಳುಗಳ ನಡುವೆ ಒಂದು ಕುಡಿಕೆ ಏಳುತ್ತಿತ್ತು. ಅಂಚು ತೆಳ್ಳಗೆ, ಎಲ್ಲೂ ತೂಗಾಡದೆ. ತನಗೆ ವರ್ಷ ಹಿಡಿದದ್ದು ಇವಳಿಗೆ ಕದ್ದ ಮಧ್ಯಾಹ್ನಗಳಲ್ಲಿ ಬಂದಿತ್ತು. ಅದು ಅವಳ ಅಜ್ಜಿಯ ಕೈ. ಎಷ್ಟು ದಿನ ಮಣ್ಣು ಹೊರಿಸಿದರೂ ಸತ್ತಿರಲಿಲ್ಲ.

ಅವನ ನೆರಳು ಬಿದ್ದಾಗ ಅವಳು ದಿಗ್ಗನೆದ್ದಳು. ಕುಡಿಕೆ ಮುದ್ದೆಯಾಯಿತು.

“ಅಪ್ಪಾ, ಮುಟ್ಟಿಬಿಟ್ಟೆ. ಏನಾದ್ರೂ ಆಗುತ್ತಾ?”

“ಏನೂ ಆಗಲ್ಲ.”

“ಯಾಕೆ ಆಗಲ್ಲ? ಎಲ್ಲಾರೂ ಹೇಳ್ತಾರಲ್ಲ.”

ಹೇಳಿಬಿಡಲು ಅದೇ ಕ್ಷಣ. ಕೊಟ್ಟಿಗೆ ಖಾಲಿ, ಕೇಳುವವಳು ಒಬ್ಬಳೇ, ಅದೂ ತನ್ನ ಮಗಳು. ನಾನೇ ಹೇಳಿದ ಸುಳ್ಳು ಅದು ಎಂದುಬಿಟ್ಟರೆ ಮುಗಿಯಿತು. ಹೂಂಗಪ್ಪ ಬಾಯಿ ತೆರೆದ. ಆದರೆ ಮಗಳ ಮುಖದಲ್ಲಿ ಅಪ್ಪನ ಬಗ್ಗೆ ಇದ್ದ ನಂಬಿಕೆಯನ್ನು ಒಡೆಯುವುದು ಅವನಿಂದಾಗಲಿಲ್ಲ.

“ಯಾರಿಗೂ ಹೇಳ್ಬೇಡ” ಎಂದ. “ಕೂತ್ಕೋ. ನಾನು ಬಾಗಿಲಲ್ಲಿ ಇರ್ತೀನಿ.”

ಅಂದಿನಿಂದ ದಿನವೂ ಮಧ್ಯಾಹ್ನ ಅವನು ಹೊಸ್ತಿಲ ಮೇಲೆ ತಂಬಾಕು ಅಗಿಯುತ್ತ ಕಾವಲು ಕೂತ. ಬೆನ್ನ ಹಿಂದೆ ತಿಗರಿಯ ಗುಂಯ್ ಎಂಬ ಸದ್ದು. ಕದ್ದದ್ದನ್ನು ಇಷ್ಟಿಷ್ಟೇ ಹಿಂದಿರುಗಿಸುತ್ತಿದ್ದೇನೆ ಎಂದು ಮನಸ್ಸಿಗೆ ಹಿತವಾಗುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂಥ ಹಿತ. ಅಪ್ಪನೇ ಕಾವಲು ಕೂರುವಂಥದ್ದು, ಯಾರಿಗೂ ಹೇಳಬಾರದಂಥದ್ದು ಎಂದರೆ ಅದು ದೊಡ್ಡ ತಪ್ಪೇ ಇರಬೇಕೆಂದು ಹುಡುಗಿ ತಿಳಿದಿದ್ದಾಳೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ದೊರೆಯ ಮೇಲಿನ ದೊರೆಯೊಬ್ಬ ದಂಡಿನ ಮನೆಗಳನ್ನು ನೋಡಲು ಬರುವವನಿದ್ದ. ಕೊಳವೆಗಳು ಅಷ್ಟರೊಳಗೆ ಬೇಕು. ಆವಿಗೆಯ ಯಜಮಾನಿಕೆ ಹೂಂಗಪ್ಪನದು. ಒಂದು ಕೊಳವೆ ಎತ್ತಿ ಬೆರಳಿನಿಂದ ತಟ್ಟಿದ. ಒದ್ದೆ ಬಟ್ಟೆ ಬಡಿದಂತೆ ಮಂಕು ಸದ್ದು. ಒಳಗೆ ಇನ್ನೂ ಹಸಿ.

“ಇನ್ನೊಂದು ವಾರ ಒಣಗಬೇಕು” ಎಂದ.

“ಒಂದು ವಾರ ಆದ್ಮೇಲೆ ದೊರೆಗೆ ಕೊಳವೆ ಬೇಡ, ನನ್ನ ತಲೆ ಬೇಕಾಗುತ್ತೆ” ಎಂದ ದುಭಾಷಿ. “ಇವತ್ತೇ ಬೆಂಕಿ ಹಾಕು. ಜಾಸ್ತಿ ಸೌದೆ ಹಾಕಿದ್ರೆ ಒಳಗೇ ಒಣಗುತ್ತೆ. ಏನಂತೀಯ?”

“ಹೂಂ.”

ಆವಿಗೆ ತೆರೆದಾಗ ಮುಕ್ಕಾಲು ಪಾಲು ಚೂರಾಗಿತ್ತು. ಉಳಿದವು ಮುಟ್ಟಿದರೆ ಬಿರುಕು ಬಿಟ್ಟವು. ಗೂಬೆ ಕೂರಿಸಲು ದುಭಾಷಿಗೆ ಒಂದು ತಲೆ ಬೇಕಿತ್ತು. ಮರದಡಿ ಮಲಗಿದವರಲ್ಲಿ ಒಬ್ಬನಿಗೆ ನಿದ್ದೆ ಹತ್ತುತ್ತಿರಲಿಲ್ಲವಂತೆ, ಕಿಟಕಿಯಿಂದ ನೋಡಿದ್ದನಂತೆ. ಒಬ್ಬಳು ಹುಡುಗಿ ತಿಗರಿಯ ಮುಂದೆ ಕೂತಿದ್ದಳಂತೆ.

ಬೆಳಿಗ್ಗೆ ಕೊಟ್ಟಿಗೆಯ ಅಂಗಳದಲ್ಲಿ ದೊರೆಗೆ ಕುರ್ಚಿ ಹಾಕಿದರು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಮಗಳು ನಡುವೆ, ಕೈಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನಿಂತಿದ್ದಳು. ಯಾರಿಗೋ ಗಾಯ ಮಾಡಿದ ಕತ್ತಿಯನ್ನು ಮುಚ್ಚಿಟ್ಟಂತೆ.

“ಮುಟ್ಟಿದೆಯಾ?” ಎಂದ ದುಭಾಷಿ.

“ಮುಟ್ಟಿದೆ.”

“ಕಟ್ಟು ಗೊತ್ತಿರಲಿಲ್ವಾ?”

“ಗೊತ್ತಿತ್ತು.”

“ಇವಳು ಮುಟ್ಟಿದ್ರಿಂದ ಆವಿಗೆ ಒಡೀತು ಅಂತೀರಾ?” ಹೆಂಗಸರ ಗುಂಪಿನಿಂದ ಹೂಂಗಪ್ಪನ ಹೆಂಡತಿ ಮುಂದೆ ಬಂದಳು. ಮಣ್ಣು ತುಳಿಯುತ್ತಿದ್ದವಳು ಕಾಲೂ ತೊಳೆಯದೆ ಬಂದಿದ್ದಳು. “ಈ ತಿಗರಿ ಗಾಡಿಯಿಂದ ಇಳಿದ ದಿನ ನನ್ನ ಮಗಳು ಅಂಬೆಗಾಲಿಡ್ತಿದ್ದಳು. ನನ್ನ ಮಗಳಿಗಿಂತ ಚಿಕ್ಕದು ಈ ತಿಗರಿ! ಇದಕ್ಕೆ ಹಿಂದಿನ ಕಾಲದ ಕಟ್ಟು ಎಲ್ಲಿಂದ ಬಂತು? ಯಾವ ಮುತ್ತಜ್ಜಿ ಬಂದು ಹೇಳಿದ್ಲು ನಿಮಗೆ?”

“ಮುತ್ತಜ್ಜಿ ಅಲ್ಲಮ್ಮ. ನಿನ್ನ ಗಂಡ ಹೇಳಿದ್ದು” ಎಂದ ದುಭಾಷಿ. “ಮೊದಲನೇ ದಿನ. ನಾನೂ ದೊರೆಗಳೂ ಇದ್ವಿ. ಕೇಳು ಬೇಕಾದ್ರೆ.”

ಅವಳು ತಿರುಗಿದಳು. ಸಿಟ್ಟಿರಲಿಲ್ಲ ಮುಖದಲ್ಲಿ. ಲೆಕ್ಕ ತಪ್ಪಿದವರು ಮೊದಲಿನಿಂದ ಕೂಡಿಸಿ ನೋಡುವಾಗಿನ ಮುಖ.

“ನೀವು ಹೇಳಿದ್ರಾ?”

ಹೂಂಗಪ್ಪನ ಹಿಂದೆ ತಿಗರಿಯ ಗಂಡಸರೆಲ್ಲ ನಿಂತಿದ್ದರು. ಎಲ್ಲರ ಮನೆಯ ಒಲೆಯೂ ಈಗ ಆ ಗೀಟಿನ ಮೇಲೆ ಉರಿಯುತ್ತಿತ್ತು. ಒಂದು ವೇಳೆ ಗೀಟು ಅಳಿಸಿದರೆ, ಒಡೆದ ಆವಿಗೆಗೆ ಹೊಣೆ ಬೆಂಕಿಯಿಟ್ಟವನೇ. ಇದೆಲ್ಲ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ, ಆ ದಿನ ಮೊದಲ ಸಲ ಅವನ ಗಂಟಲಿನಿಂದ ಬೇರೆ ಮಾತು ಹೊರಟಿತು.

“ಹೇಳ್ದೆ. ಸುಳ್ಳು ಹೇಳ್ದೆ. ಅಂಥ ಕಟ್ಟು ನಮ್ಮಲ್ಲಿ ಯಾವತ್ತೂ ಇರಲಿಲ್ಲ. ಇರೋಕೆ ತಿಗರಿಯೇ ಇರಲಿಲ್ವಲ್ಲ. ದೊರೆ ಕೇಳಿದ್ರು, ಹೂಂ ಅಂದೆ. ಕೊಳವೆ ಒಡೆದದ್ದು ಹಸಿ ಇದ್ದಿದ್ದಕ್ಕೆ. ಗೊತ್ತಿದ್ದೂ ಬೆಂಕಿ ಹಾಕಿದವನು ನಾನು. ಮಗು ಏನೂ ಮಾಡಿಲ್ಲ.”

ಹೇಳಿ ಮುಗಿಸಿ ಅವನು ಕಾದ. ಬೈಗುಳಕ್ಕೆ, ಏಟಿಗೆ, ಯಾವುದಕ್ಕಾದರೂ.

ಗಂಡಸರ ಗುಂಪಿನಿಂದ ಬಂದದ್ದು ಒಂದು ನಿಟ್ಟುಸಿರು. “ಹೆತ್ತ ಕರುಳು, ಪಾಪ” ಎಂದ ಒಬ್ಬ. ಬೀದಿಯಲ್ಲೆಲ್ಲ ವಯಸ್ಸಾದವನು, ಬೊಚ್ಚುಬಾಯಿ ತಾತ, ಕೋಲೂರಿ ಮುಂದೆ ಬಂದ.

“ಹಾಗನ್ನಬೇಡಪ್ಪ. ಮಗಳ ಮೇಲಿನ ಆಸೆಗೆ ಹಿರಿಯರ ಮಾತು ಅಲ್ಲಗಳೀಬಾರದು. ಹೆಣ್ಣು ಮುಟ್ಟಿದ ತಿಗರಿ ಆವಿಗೆ ನುಂಗುತ್ತೆ ಅಂತ ನಮ್ಮ ತಾತ ಹೇಳ್ತಿದ್ರು. ನನ್ನ ಕಿವಿಯಾರೆ ಕೇಳಿದ್ದೀನಿ.”

ಆ ತಾತನ ತಾತ ತಿಗರಿಯ ಚಿತ್ರವನ್ನೂ ಕಂಡವನಲ್ಲ. ಆದರೆ ಬೊಚ್ಚುಬಾಯಿ ತಾತ ಸುಳ್ಳು ಹೇಳುತ್ತಿರಲಿಲ್ಲ. ಅವನ ಕಣ್ಣು ತಿಳಿಯಾಗಿತ್ತು. ಸುತ್ತಲಿನವರು ತಲೆಯಾಡಿಸಿದರು. ಹೂಂಗಪ್ಪ ಹೆಂಗಸರತ್ತ ನೋಡಿದ. ಅಲ್ಲಿಯೂ ಒಬ್ಬಳು ಕಣ್ಣೊರೆಸಿಕೊಳ್ಳುತ್ತ ಪಕ್ಕದವಳಿಗೆ ಹೇಳುತ್ತಿದ್ದಳು: “ಕಸ ಗುಡಿಸುವಾಗ ತಿಗರಿಗೆ ನನ್ನ ಬಟ್ಟೆ ತಾಗಿತ್ತು ಕಣೇ. ಆ ತಿಂಗಳೇ ಹೊಟ್ಟೇಲಿದ್ದದ್ದು ಹೋಯ್ತು.”

ದುಭಾಷಿ ದೊರೆಯ ಕಿವಿಯಲ್ಲಿ ಏನೋ ಹೇಳಿದ. ದೊರೆ ನಸುನಕ್ಕ. ಕುರ್ಚಿಯಿಂದ ಎದ್ದು ಬಂದು ಹೂಂಗಪ್ಪನ ಭುಜ ತಟ್ಟಿದ.

“ತಂದೆಯ ಪ್ರೀತಿ ಎಲ್ಲಾ ಕಡೆ ಒಂದೇ ಅಂತ ದೊರೆಗಳು ಹೇಳ್ತಿದ್ದಾರೆ” ಎಂದ ದುಭಾಷಿ. “ನಿನಗೇನೂ ಶಿಕ್ಷೆ ಇಲ್ಲ. ಹುಡುಗಿ ಮಾತ್ರ ನಾಳೆಯಿಂದ ಈ ಕಡೆ ಕಾಲಿಡಬಾರದು. ನಿಮ್ಮ ಕಟ್ಟನ್ನ ನಿಮಗಿಂತ ಜಾಸ್ತಿ ಅವರೇ ಕಾಪಾಡಬೇಕಾಗಿದೆ ನೋಡು.”

ಹೂಂಗಪ್ಪ ಮಗಳ ಕಡೆ ಹೋದ. ಅವಳಾದರೂ ನಂಬಬೇಕಿತ್ತು.

“ನಿಜ ಕಣವ್ವ ನಾನು ಹೇಳಿದ್ದು.”

ಅವಳ ಕಣ್ಣಲ್ಲಿ ಅಪ್ಪನ ಬಗ್ಗೆ ಕನಿಕರ ತುಂಬಿತ್ತು. “ನನಗೋಸ್ಕರ ಎಲ್ಲರ ಮುಂದೆ ಸುಳ್ಳು ಹೇಳಿ ಯಾಕಪ್ಪ ಮಾನ ಕಳ್ಕೊಂಡೆ? ಮುಟ್ಟಿದ್ದು ನಾನೇ. ಬೇಡ ಅಂತ ಗೊತ್ತಿದ್ರೂ ಮುಟ್ಟಿದೆ” ಎಂದಳು.

ಮನೆಯಲ್ಲಿ ಹೆಂಡತಿ ಕಾಲು ತೊಳೆದು ಬಂದು ಅವನೆದುರು ಕೂತಳು. ಮಗಳು ನೀರಿಗೆ ಹೋಗಿದ್ದಳು. ಆ ಬೀದಿಯಲ್ಲಿ ಅವನ ಮಾತನ್ನು ನಂಬಿದವಳು ಅವಳೊಬ್ಬಳೇ. ನಂಬಿಕೆ ಇಷ್ಟು ಭಾರವಿರುತ್ತದೆಂದು ಅವನಿಗೆ ತಿಳಿದಿರಲಿಲ್ಲ.

“ಯಾಕೆ ಹಾಗಂದೆ ಆವತ್ತು?”

ಅಭ್ಯಾಸಬಲ ಎನ್ನಬಹುದಿತ್ತು. ದೊರೆಗೆ ಹೆದರಿದೆ ಎನ್ನಬಹುದಿತ್ತು. ಎರಡೂ ಪೂರ್ತಿ ಸುಳ್ಳಲ್ಲ.

“ನನಗೂ ಕೈಯಿಂದ ಏನಾದ್ರೂ ಮಾಡಬೇಕು ಅನ್ನಿಸಿತ್ತು.”

ಅವಳು ಅವನನ್ನೇ ನೋಡಿದಳು.

“ಅಷ್ಟೇನಾ? ಕೇಳಿದ್ರೆ ನಾನೇ ಕಲಿಸ್ತಿದ್ದೆನಲ್ಲೋ” ಎಂದಳು. ಎದ್ದು ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಆಮೇಲೆ ಆ ವಿಷಯ ಅವಳ ಬಾಯಲ್ಲಿ ಮತ್ತೆಂದೂ ಬರಲಿಲ್ಲ. ಬೈದಿದ್ದರೆ ಅವನಿಗೆ ಒಂದಿಷ್ಟು ಸಾಲ ತೀರಿದಂತಾಗುತ್ತಿತ್ತು. ಅದನ್ನೂ ಅವಳು ಕೊಡಲಿಲ್ಲ.

ಕೆಲಸವಿಲ್ಲದ ದಿನಗಳಲ್ಲಿ ಹೂಂಗಪ್ಪ ಮುರಿದ ಗಾಡಿಯೊಂದರ ಚಕ್ರ ತಂದ. ಗೂಟ ಕೆತ್ತಿದ, ಕಲ್ಲಿನ ಗುಳಿ ಕೊರೆದ, ಜಗಲಿಯ ಅಂಚಿಗೆ ಸೂರಿನಡಿ ಒಂದು ತಿಗರಿ ನಿಲ್ಲಿಸಿದ. ದಾರಿಹೋಕರು ಕೇಳಿದರೆ “ಮಗಳಿಗೆ” ಎನ್ನುತ್ತಿದ್ದ. ಅವರು ಅಯ್ಯೋ ಎಂದು ಮುಂದೆ ಹೋಗುತ್ತಿದ್ದರು. ತಾನೇ ಮಣ್ಣು ತಂದು, ತಾನೇ ತುಳಿದು, ಹದ ಮಾಡಿ, ಒಂದು ಉಂಡೆಯನ್ನು ಹಲಗೆಯ ನಡುವೆ ಕೂರಿಸಿ ಮಗಳನ್ನು ಕರೆದ.

ಅವಳು ತುಂಬಿದ ಕೊಡ ಸೊಂಟದಲ್ಲಿಟ್ಟುಕೊಂಡು ಅಂಗಳ ದಾಟುತ್ತಿದ್ದಳು. ತಿಗರಿಯ ಹತ್ತಿರ ಬಂದಾಗ ಬಿಡುಗೈಯಿಂದ ಉಟ್ಟ ಬಟ್ಟೆಯ ಅಂಚನ್ನು ಒಟ್ಟುಮಾಡಿ ಹಿಡಿದು, ಗೋಡೆಗೆ ಒತ್ತಿಕೊಂಡು, ಎಚ್ಚರದಿಂದ ಅಡ್ಡ ಹೆಜ್ಜೆಯಿಟ್ಟಳು.

“ನಮ್ಮ ಮನೆಯದು ಕಣವ್ವ ಇದು. ಯಾರ ಕಟ್ಟೂ ಇಲ್ಲ. ಕೂತ್ಕೋ ಬಾ.”

“ಬೇಡಪ್ಪ.”

“ಮಣ್ಣು ಒಣಗ್ತಿದೆ.”

“ಒಣಗಲಿ. ಆವಿಗೆ ಒಡೆದದ್ದೇ ಸಾಕು. ನಾಳೆ ನಿನಗೇನಾದ್ರೂ ಆದ್ರೆ ನಾನು ಎಲ್ಲಿಗೆ ಹೋಗಲಿ?”

ಅವಳು ಒಳಗೆ ಹೋದಳು. ಕೊಡ ಇಳಿಸಿದ ಸದ್ದು ಕೇಳಿಸಿತು. ಹೂಂಗಪ್ಪ ಉಂಡೆಯ ಮೇಲೆ ನೀರು ಚಿಮುಕಿಸಿದ. ನಾಳೆ ಮತ್ತೆ ಕೇಳೋಣವೆಂದು ಅದಕ್ಕೆ ಒದ್ದೆ ಬಟ್ಟೆ ಹೊದಿಸಿದ. ನಿನ್ನೆಯೂ ಹಾಗೇ ಹೊದಿಸಿದ್ದ.